ಕ್ಯಾಮೆರಾ, ಲೈಡಾರ್ ಎರಡಕ್ಕೂ ಒಂದೇ ಗಡಿಯಾರ

ಖಾಲಿ ಮೈದಾನದಲ್ಲಿ ತಲೆ ಎತ್ತದ ದೋಷವೊಂದು ಪೇಟೆ ಟ್ರಾಫಿಕ್‌ಗೆ ಇಳಿದ ಕೂಡಲೇ ಎದುರಾಗುತ್ತದೆ. ಅಡ್ಡ ಹಾಯುವ ಬೈಕ್ ಇರುವುದು ಒಂದೇ, ಸ್ವಯಂಚಾಲಿತ ಕಾರಿನ ಲೆಕ್ಕದಲ್ಲಿ ಎರಡು. ಕ್ಯಾಮೆರಾ ಗುರುತಿಸಿದ ಚೌಕ ಒಂದು ಕಡೆ, ಲೇಸರ್ ಕಿರಣ ಬೀಸಿ ದೂರ ಅಳೆಯುವ ಲೈಡಾರ್‌ನ ಚುಕ್ಕೆಗಳು ಅದರ ಪಕ್ಕಕ್ಕೆ. ವಸ್ತು ಗುರುತಿಸುವ ನ್ಯೂರಲ್ ನೆಟ್‌ವರ್ಕ್‌ಗೆ ಇನ್ನಷ್ಟು ಚಿತ್ರ ಕೊಟ್ಟು ಕಲಿಸಿದರೆ ಸರಿಹೋದೀತು ಅನಿಸುತ್ತದೆ. ಹೋಗುವುದಿಲ್ಲ. ನಮ್ಮ ಕಾರಿನಲ್ಲಿ ತಪ್ಪಿದ್ದು ಸಮಯ.

ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಎರಡು ಸೆನ್ಸರ್‌ಗಳ ನಡುವೆ 50 ಮಿಲಿಸೆಕೆಂಡ್ ಹೆಚ್ಚುಕಮ್ಮಿಯಾದರೆ ಬೈಕ್ 75 ಸೆಂ.ಮೀ. ಸರಿದಿರುತ್ತದೆ, ಹೆಚ್ಚುಕಡಿಮೆ ಹ್ಯಾಂಡಲ್‌ನ ಅಗಲದಷ್ಟು. ಇದಕ್ಕೆ ಮೂಲ, ಚಿತ್ರ ಕಂಪ್ಯೂಟರಿಗೆ ಬಂದು ತಲುಪಿದ ಹೊತ್ತನ್ನೇ ಟೈಮ್‌ಸ್ಟ್ಯಾಂಪ್ ಆಗಿ ಬರೆಯುವುದು. ತಲುಪಲು ಹಿಡಿಯುವ ಹೊತ್ತು ಸಿಪಿಯು ಮೇಲಿನ ಹೊರೆಯ ಜೊತೆ ಬದಲಾಗುತ್ತದೆ. ರಸ್ತೆ ಕಿಕ್ಕಿರಿದಷ್ಟೂ ಹೊರೆ ಹೆಚ್ಚು, ತಪ್ಪೂ ಹೆಚ್ಚು.

ಹಾಗಾಗಿ ಜಿಪಿಎಸ್‌ನಿಂದ ಸಮಯ ಪಡೆಯುವ ಒಂದು ಮಾಸ್ಟರ್ ಗಡಿಯಾರ ಇಟ್ಟು, ಉಳಿದೆಲ್ಲವನ್ನೂ ಪಿಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ಹೊಂದಿಸುವ ಪದ್ಧತಿ) ಮೂಲಕ ಅದಕ್ಕೆ ಹೊಂದಿಸಿದೆವು. ನಡುವಿನ ನೆಟ್‌ವರ್ಕ್ ಸ್ವಿಚ್ ಕೂಡ ಪಿಟಿಪಿ ಅರಿತದ್ದೇ ಆಗಬೇಕು. ಸಾಧಾರಣ ಸ್ವಿಚ್ ದಟ್ಟಣೆಯಲ್ಲಿ ಒಂದೊಂದು ಪ್ಯಾಕೆಟ್ಟನ್ನು ಒಂದೊಂದು ಹೊತ್ತು ತಡೆದಿಡುತ್ತದೆ. ಪಿಟಿಪಿ ಸಾಮಾನ್ಯವಾಗಿ ಬಳಸುವ ಪರಮಾಣು ಸಮಯ ಯುಟಿಸಿಗಿಂತ, ಅಂದರೆ ಜಗತ್ತಿನ ಪ್ರಮಾಣಿತ ಸಮಯಕ್ಕಿಂತ, 37 ಸೆಕೆಂಡ್ ಮುಂದಿದೆ. ಒಂದು ಸಾಧನ ಇದನ್ನು ಕಳೆಯದಿದ್ದರೆ ಯಾವ ಚಿತ್ರವೂ ಯಾವ ಸ್ಕ್ಯಾನಿಗೂ ಜೋಡಿಯಾಗುವುದೇ ಇಲ್ಲ. ಇದು ಒಳ್ಳೆಯ ಜಾತಿಯ ತಪ್ಪು, ತಾನಾಗಿ ಸಿಕ್ಕಿಬೀಳುತ್ತದೆ. ಭಯಪಡಬೇಕಾದ್ದು 20 ಮಿಲಿಸೆಕೆಂಡಿನ ತಪ್ಪಿಗೆ.

ಸೆಕೆಂಡಿಗೆ 10 ಸುತ್ತು ತಿರುಗುವ ಲೈಡಾರ್‌ಗೆ ಒಂದು ಸುತ್ತಿಗೆ 100 ಮಿಲಿಸೆಕೆಂಡ್ ಬೇಕು. ಅದರ ಕಿರಣ ಆಯಾ ಕ್ಯಾಮೆರಾದ ನೋಟದ ನಡುವೆ ಹಾಯುವ ಹೊತ್ತಿಗೇ ಆ ಕ್ಯಾಮೆರಾವನ್ನು ಟ್ರಿಗರ್ ಮಾಡಿದೆವು. ಟೈಮ್‌ಸ್ಟ್ಯಾಂಪ್ ಎಕ್ಸ್‌ಪೋಶರ್‌ನ (ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತಿನ) ನಡುಬಿಂದುವಿನದ್ದಾಗಿರಬೇಕು, ಆರಂಭದ್ದಲ್ಲ. ಹಗಲು 2 ಮಿಲಿಸೆಕೆಂಡ್ ಇದ್ದ ಎಕ್ಸ್‌ಪೋಶರ್ ರಾತ್ರಿ 15ಕ್ಕೆ ಏರಿದರೆ ನಡುಬಿಂದು 6.5 ಮಿಲಿಸೆಕೆಂಡ್ ಜಾರುತ್ತದೆ. ರಾತ್ರಿ ಮಾತ್ರ ಕಾಣುವ ಗೊಂದಲಗಳಲ್ಲಿ ಕೆಲವು ಇಲ್ಲಿಂದ ಹುಟ್ಟಿದವು.

36 ಕಿ.ಮೀ. ವೇಗದಲ್ಲಿ ಲೈಡಾರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಮ್ಮ ಕಾರೇ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಐಎಂಯು (ಕಾರಿನ ಚಲನೆ, ತಿರುವು ಅಳೆಯುವ ಸೆನ್ಸರ್) ಕೊಡುವ ಚಲನೆ ಹಿಡಿದು ಪ್ರತಿ ಚುಕ್ಕೆಯನ್ನೂ ಅದರದರ ಕ್ಷಣಕ್ಕೆ ತಕ್ಕಂತೆ ಸರಿಸಬೇಕು. ಇದರಿಂದ ಸರಿಹೋಗುವುದು ನಮ್ಮ ಚಲನೆ ಮಾತ್ರ, ಎದುರಿನವರದ್ದಲ್ಲ. ಸುತ್ತು ಆರಂಭವಾಗಿ ಮುಗಿಯುವ ಗೆರೆಯ ಎರಡು ಬದಿಯ ಚುಕ್ಕೆಗಳಿಗೆ 100 ಮಿಲಿಸೆಕೆಂಡ್ ಅಂತರವಿರುವುದರಿಂದ ಅಲ್ಲಿ ಸಿಕ್ಕ ವಾಹನ ಹರಿದಂತೆ ಕಾಣುತ್ತದೆ. ಆ ಗೆರೆಯನ್ನು ಕಾರಿನ ಹಿಂಬದಿಗೆ ತಿರುಗಿಸಿಟ್ಟೆವು.

ಪರೀಕ್ಷೆಗೆ ಬೇಕಾದ್ದು 30 ಮೀಟರ್ ದೂರದ ಒಂದು ತೆಳ್ಳನೆ ಕಂಬ, ಅಷ್ಟೆ. ಕಾರು ನಿಲ್ಲಿಸಿ ಲೈಡಾರ್ ಚುಕ್ಕೆಗಳನ್ನು ಚಿತ್ರದ ಮೇಲೆ ಮೂಡಿಸಿ. ನಿಂತಲ್ಲೇ ಚುಕ್ಕೆಗಳು ಕಂಬ ಬಿಟ್ಟು ಸರಿದಿದ್ದರೆ ಸೆನ್ಸರ್ ಕೂರಿಸಿದ ಕೋನ ತಪ್ಪು. ನಿಂತಾಗ ಸರಿಯಿದ್ದು ತಿರುಗುವಾಗ ಸರಿದರೆ ಸಮಯ ತಪ್ಪು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ನೋಡಿ: ಸಮಯದ ತಪ್ಪಾದರೆ ಚುಕ್ಕೆಗಳು ಕಂಬದ ಆಚೆ ಈಚೆ ಬದಿ ಬದಲಿಸುತ್ತವೆ, ಕೋನದ ತಪ್ಪಾದರೆ ಒಂದೇ ಬದಿಯಲ್ಲಿ ಉಳಿಯುತ್ತವೆ. 60 ಡಿಗ್ರಿ ನೋಟ, 1920 ಪಿಕ್ಸೆಲ್ ಅಗಲದ ಕ್ಯಾಮೆರಾದಲ್ಲಿ ಡಿಗ್ರಿಗೆ ಸುಮಾರು 32 ಪಿಕ್ಸೆಲ್. ಸೆಕೆಂಡಿಗೆ 20 ಡಿಗ್ರಿ ತಿರುಗುವಾಗ 10 ಮಿಲಿಸೆಕೆಂಡ್ ತಪ್ಪು ಸುಮಾರು 6 ಪಿಕ್ಸೆಲ್ ಆಗಿ ಕಾಣುತ್ತದೆ. ಜೂಮ್ ಮಾಡಿದರೆ ಬರಿಗಣ್ಣಿಗೇ ಸಿಗುತ್ತದೆ. ಇದನ್ನೇ ರಾತ್ರಿ ಒಮ್ಮೆ, ಸಿಪಿಯುಗೆ ಪೂರ್ತಿ ಹೊರೆ ಹಾಕಿ ಇನ್ನೊಮ್ಮೆ ಮಾಡಿ.

ಹತ್ತಿರದ ಟೈಮ್‌ಸ್ಟ್ಯಾಂಪ್ ನೋಡಿ ಅಂದಾಜಿನಲ್ಲಿ ಜೋಡಿ ಮಾಡಿಕೊಡುವ ಸಾಫ್ಟ್‌ವೇರ್ ಸೌಲಭ್ಯವನ್ನು ಸಡಿಲ ಮಿತಿಯಲ್ಲಿ ಬಿಡಬೇಡಿ, ಅದು ತಪ್ಪನ್ನು ಮುಚ್ಚಿಹಾಕುತ್ತದೆ. 5 ಮಿಲಿಸೆಕೆಂಡ್ ಮೀರಿದ ಜೋಡಿಯನ್ನು ನಾವು ತಿರಸ್ಕರಿಸಿ ಲಾಗ್‌ನಲ್ಲಿ ಎಣಿಸಿದೆವು. ಎಣಿಕೆ ಏರಿದರೆ ಕಾರು ವೇಗ ತಗ್ಗಿಸುತ್ತದೆ.

ಸೆನ್ಸರ್ ಕೂರಿಸಿದ ಬ್ರಾಕೆಟ್ ಅರ್ಧ ಡಿಗ್ರಿ ವಾಲಿದರೂ 50 ಮೀಟರ್ ದೂರದಲ್ಲಿ 44 ಸೆಂ.ಮೀ. ತಪ್ಪುತ್ತದೆ. ಬೋಲ್ಟ್ ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಬ್ರಾಕೆಟ್‌ವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟೆವು. ಓಡಿಸುವ ಮೊದಲು ಟಾರ್ಚ್ ಹಾಯಿಸಿದರೆ ಸಾಕು, ಗೆರೆ ತುಂಡಾಗಿದ್ದರೆ ಬೋಲ್ಟ್ ಸಡಿಲಾಗಿದೆ, ಕ್ಯಾಲಿಬ್ರೇಶನ್ (ಸೆನ್ಸರ್ ಕೋನದ ಹೊಂದಾಣಿಕೆ) ಮತ್ತೆ ಮಾಡಬೇಕು.