ಮರಗೆಣಸಿನ ವಿಷ ಬಿಡಿಸುವುದು ಹೇಗೆ?

ಮರಗೆಣಸಿನಲ್ಲಿ ಸಯನೈಡ್ ಇದೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಮುಟ್ಟದೆ ಬಿಟ್ಟ ಗೆಡ್ಡೆಯಲ್ಲಿ ಅದು ಇನ್ನೂ ತಯಾರಾಗಿರುವುದಿಲ್ಲ. ಲಿನಮರಿನ್ ಎಂಬ ವಸ್ತು ಜೀವಕೋಶದ ಒಳಗಿರುತ್ತದೆ, ಅದನ್ನು ಒಡೆಯುವ ಕಿಣ್ವ ಕೋಶದ ಗೋಡೆಯಲ್ಲಿ. ಗೆಡ್ಡೆಯನ್ನು ಕಚ್ಚಿದರೆ ಅಥವಾ ತುರಿದರೆ ಎರಡೂ ಸೇರುತ್ತವೆ, ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. (ಕೆಂಪು ಚುಕ್ಕೆಯ ಬರ್ನೆಟ್ ಪತಂಗ ಇದೇ ಲಿನಮರಿನ್ ಅನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಗಿಡಕ್ಕೂ ಹುಳಕ್ಕೂ ಒಂದೇ ಅಸ್ತ್ರ!)

ಹಾಗಾದರೆ ಉಪಾಯ ಏನು? ವಿಷ ಹುಟ್ಟಲಿ ಬಿಡಿ, ಆದರೆ ಹೊಟ್ಟೆಗೆ ಹೋಗುವ ಮೊದಲೇ ಹುಟ್ಟಲಿ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಗಾಳಿಗೆ ಹಾರಿಹೋಗುತ್ತದೆ.

ಸಿಹಿ ತಳಿಯಾದರೆ ಕೆಲಸ ಸುಲಭ. ಒಂದು ಕೆಜಿ ಹಸಿ ಗೆಡ್ಡೆಯಲ್ಲಿ 50 ಮಿಲಿಗ್ರಾಂಗಿಂತ ಕಡಿಮೆ ಸಯನೈಡ್ ಹುಟ್ಟುವಂಥದ್ದನ್ನು ಸಿಹಿ ಎನ್ನುತ್ತಾರೆ. ಸಿಪ್ಪೆಯನ್ನು ದಪ್ಪವಾಗಿ ತೆಗೆಯಿರಿ, ಅದರಲ್ಲೇ ವಿಷ ಜಾಸ್ತಿ. ಸಣ್ಣ ತುಂಡು ಮಾಡಿ ತಣ್ಣೀರಿಗೆ ಹಾಕಿ, ಆಮೇಲೆ ಒಲೆಯ ಮೇಲಿಡಿ. ಕುದಿಯುವ ನೀರಿಗೆ ನೇರ ಹಾಕಿದರೆ ಕಿಣ್ವ ಬೇಗ ಕೆಟ್ಟು ಲಿನಮರಿನ್ ಹಾಗೇ ಉಳಿಯುತ್ತದೆ. ಬೆಂದ ನೀರನ್ನು ಚೆಲ್ಲಿಬಿಡಿ. ಹಸಿಯಾಗಿ ಮಾತ್ರ ತಿನ್ನಲೇಬೇಡಿ.

ಕಹಿ ತಳಿಗೆ ಇಷ್ಟು ಸಾಲದು. ಸಿಪ್ಪೆ ತೆಗೆದ ಗೆಡ್ಡೆಯನ್ನು ಮೆತ್ತಗಾಗುವ ತನಕ, ಸುಮಾರು 3 ದಿನ, ನೀರಲ್ಲಿ ನೆನೆಸಬೇಕು. ಇಲ್ಲವೇ ತುರಿದು, ಕೆಲವು ದಿನ ಹುಳಿಯಲು ಬಿಟ್ಟು, ರಸ ಹಿಂಡಿ ಹುರಿಯಬೇಕು. ಇಲ್ಲಿ ಅವಸರ ಮಾಡಿದವರು ಕಾಲಿನ ಶಕ್ತಿ ಕಳೆದುಕೊಂಡಿದ್ದಾರೆ. ಬರ ಬಂದಾಗ ಗೆಡ್ಡೆಯಲ್ಲಿ ವಿಷ ಏರುತ್ತದೆ, ಹಸಿದವರು ನೆನೆಸುವ ದಿನ ಕಡಿಮೆ ಮಾಡುತ್ತಾರೆ. ಹೀಗೆ ವಾರಗಟ್ಟಲೆ ತಿಂದರೆ ಎರಡೂ ಕಾಲು ಸೆಟೆದು ನಿಲ್ಲುವ ಕೊಂಜೊ ರೋಗ ಬರುತ್ತದೆ. ಅದು ವಾಸಿಯಾಗುವುದಿಲ್ಲ. ಆಗಿನ ಬೆಲ್ಜಿಯನ್ ಕಾಂಗೋದಲ್ಲಿ ಕಂಡ ಈ ರೋಗದ ವಿವರವನ್ನು ಟ್ರೊಲ್ಲಿ ಎಂಬ ವೈದ್ಯರು 1938ರಲ್ಲಿ ದಾಖಲಿಸಿದರು.

ಹಿಟ್ಟು ಮಾಡಿದ ಮೇಲೂ ವಿಷ ಉಳಿದಿರಬಹುದು. ಅದಕ್ಕೆ ಆಸ್ಟ್ರೇಲಿಯಾದ ಹೊವರ್ಡ್ ಬ್ರಾಡ್ಬರಿ ತಂಡ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ತಕ್ಕಡಿಯೂ ಬೇಡ, ಅಳತೆ ಲೋಟವೂ ಬೇಡ. ಬೋಗುಣಿಗೆ ಹಿಟ್ಟು ಹಾಕಿ, ಅದರ ಮಟ್ಟಕ್ಕೆ ಒಳಗಡೆ ಒಂದು ಗುರುತು ಮಾಡಿ. ಕಲಸುತ್ತಾ ನೀರು ಹಾಕಿ. ಹಿಟ್ಟು ಮೊದಲು ಕುಸಿಯುತ್ತದೆ, ಆಮೇಲೆ ಮೇಲೇರಿ ಗುರುತು ಮುಟ್ಟುತ್ತದೆ. ಅಲ್ಲಿಗೆ ನೀರು ಸಾಕು. ಚಾಪೆಯ ಮೇಲೆ ಒಂದು ಸೆಂಟಿಮೀಟರಿಗಿಂತ ತೆಳ್ಳಗೆ ಹರಡಿ, ಬಿಸಿಲಲ್ಲಿ 2 ಗಂಟೆ ಅಥವಾ ನೆರಳಲ್ಲಿ 5 ಗಂಟೆ ಬಿಡಿ. ಒದ್ದೆ ಹಿಟ್ಟನ್ನು ನಾಳೆಗೆ ಇಡಬೇಡಿ, ಅವತ್ತೇ ಬೇಯಿಸಿಕೊಳ್ಳಿ.