ಅದ್ದಿದರೆ ಅಂಟಿಕೊಳ್ಳುವ ತೆರಿಯಾಕಿ

ಗೋಣಿಕೊಪ್ಪದ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ಹೋಂಸ್ಟೇಗೆ ಕೊಡುತ್ತೇವೆ. ಮಳೆಗಾಲದ ಸಂಜೆ ಬರುವವರಿಗೆ ಕಡ್ಡಿಗೆ ಚುಚ್ಚಿದ ಕೋಳಿಯನ್ನು ಕೆಂಡದ ಮೇಲೆ ಸುಟ್ಟು ಕೊಡುವುದು ನನಗೆ ತುಂಬಾ ಇಷ್ಟ. ನಂಚಿಕೊಳ್ಳಲು ಜೊತೆಗೆ ತೆರಿಯಾಕಿ ಸಾಸ್. ಮೊದಲು ಅಂಗಡಿಯ ಬಾಟಲಿಯದನ್ನೇ ಇಡುತ್ತಿದ್ದೆ. ಬಟ್ಟಲಿಗೆ ಸುರಿದರೆ ತಿಳಿಸಾರಿನ ಹಾಗೆ ಹರಡುತ್ತಿತ್ತು. ಕೋಳಿಯ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ಅದು ಸಾಸಿನ ತಪ್ಪಲ್ಲ. ಜಪಾನಿನಲ್ಲಿ ತೆರಿಯಾಕಿ ಅನ್ನುವುದು ಅಡುಗೆ ಮಾಡುವ ಒಂದು ರೀತಿ. ‘ತೆರಿ’ ಅಂದರೆ ಹೊಳಪು, ‘ಯಾಕಿ’ ಅಂದರೆ ಸುಡುವುದು. ಸೋಯಾ ಸಾಸ್, ಸಕ್ಕರೆ, ಸಾಕೆ ಎಂಬ ಅಕ್ಕಿಯ ಮದ್ಯ, ಮಿರಿನ್ ಎಂಬ ಅಕ್ಕಿಯ ಸಿಹಿ ಮದ್ಯ, ಇಷ್ಟು ಸೇರಿ ಮೀನು ಮಾಂಸದ ಜೊತೆ ಬಿಸಿಯಲ್ಲಿ ಬತ್ತುತ್ತಾ ಹೊಳಪಾಗಿ ಅಂಟಿಕೊಳ್ಳುತ್ತದೆ. ಮೊದಲೇ ಗಟ್ಟಿ ಇರಬೇಕಾಗಿಲ್ಲ. ಅದ್ದಿ ತಿನ್ನುವುದಕ್ಕೆ ಹದ ಬೇರೆ.

ಕೊಳ್ಳುವುದೇ ಆದರೆ ಲೇಬಲ್ ನೋಡಿ. ‘ಮ್ಯಾರಿನೇಡ್’ ಅಂತ ಇದ್ದರೆ ಸಾಮಾನ್ಯವಾಗಿ ತೆಳು. ‘ಗ್ಲೇಜ್’ ಅಂತ ಇದ್ದರೆ, ಸಾಮಗ್ರಿಗಳಲ್ಲಿ ಸ್ಟಾರ್ಚ್ ಅಥವಾ ಝ್ಯಾಂಥನ್ ಗಮ್ ಇದ್ದರೆ ಗಟ್ಟಿ ಇರುತ್ತದೆ. ಬಾಟಲಿಯನ್ನು ತಲೆಕೆಳಗೆ ಮಾಡಿ ನೋಡಿ. ಗಾಳಿಗುಳ್ಳೆ ನಿಧಾನವಾಗಿ ಏರಿದರೆ ತೆಗೆದುಕೊಳ್ಳಿ.

ತೆಳ್ಳಗಿನ ಬಾಟಲಿ ಈಗಾಗಲೇ ಮನೆಯಲ್ಲಿದ್ದರೆ ಸುಮ್ನೆ ಕುದಿಸಿ ಬತ್ತಿಸಬೇಡಿ. ನಾನು ಹಾಗೆ ಮಾಡಿ ಇಡೀ ಬಟ್ಟಲು ಚೆಲ್ಲಿದ್ದೇನೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಅರ್ಧಕ್ಕೆ ಬತ್ತಿದರೆ ಉಪ್ಪು ಎರಡರಷ್ಟಾಗಿ ನಾಲಿಗೆಗೆ ಹತ್ತುತ್ತದೆ. ಅದ್ದಿ ತಿನ್ನುವಾಗ ಸಾಸ್ ಜಾಸ್ತಿ ಬಾಯಿಗೆ ಹೋಗುತ್ತದೆ ಅಲ್ವಾ, ಹಾಗಾಗಿ ಉಪ್ಪು ಕಡಿಮೆಯೇ ಇರಬೇಕು. ಗಟ್ಟಿತನ ಕಾರ್ನ್‌ಫ್ಲೋರ್‌ನಿಂದ ಬರಲಿ.

ನಾನು ಮಾಡುವುದು ಹೀಗೆ. ಅರ್ಧ ಕಪ್ ಸೋಯಾ ಸಾಸ್, ಅರ್ಧ ಕಪ್ ನೀರು, ಕಾಲು ಕಪ್ ಸಕ್ಕರೆ, ಎರಡು ಚಮಚ ಜೇನು, ಒಂದು ಇಂಚು ಶುಂಠಿ ತುರಿದದ್ದು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ. ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ ಸೋಸುತ್ತೇನೆ. ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ಮೂರು ಚಮಚ ತಣ್ಣೀರಿನಲ್ಲಿ ಕದಡಿಕೊಳ್ಳಿ. ಬಿಸಿನೀರಾದರೆ ಗಂಟು ಕಟ್ಟುತ್ತದೆ. ಅಂಗಡಿಯಲ್ಲಿ ಬಿಳಿ ಪುಡಿಯನ್ನೇ ಕೇಳಿ. ಹಳದಿ ಮೆಕ್ಕೆಜೋಳದ ಹಿಟ್ಟು ತಂದರೆ ಸಾಸ್ ಗಂಜಿಯಾಗುತ್ತದೆ. ಸೋಸಿದ ಸಾಸ್ ಮತ್ತೆ ಕುದಿಯುವಾಗ ಕದಡಿದ್ದನ್ನು ನಿಧಾನವಾಗಿ ಸುರಿಯುತ್ತಾ ಕೈಯಾಡಿಸಿ. ಮಬ್ಬು ಹೋಗಿ ಹೊಳಪು ಬಂದ ಮೇಲೆ ಇನ್ನೊಂದು ನಿಮಿಷ ಕುದಿಸಿ ಇಳಿಸಿ. ಅದಕ್ಕಿಂತ ಜಾಸ್ತಿ ಹೊತ್ತು ಕುದಿಸಿ ಕಡೆದರೆ ಕಟ್ಟಿದ ಹದ ಮತ್ತೆ ಸಡಿಲವಾಗುತ್ತದೆ.

ಒಮ್ಮೆ ರಾತ್ರಿ ಚೆನ್ನಾಗಿ ಗಟ್ಟಿಯಾಗಿದ್ದ ಸಾಸ್ ಬೆಳಿಗ್ಗೆ ನೀರಾಗಿತ್ತು. ಎರಡನೇ ಸಲವೂ ಹಾಗೇ ಆಯಿತು. ನನಗೆ ಅಳುವೇ ಬಂತು. ಆಮೇಲೆ ತಿಳಿಯಿತು. ಪರಿಮಳ ಉಳಿಯಲಿ ಅಂತ ನಾನು ತೋಟದ ಹಸಿ ಜೇನನ್ನು ಸಾಸ್ ಆರಿದ ಮೇಲೆ ಬೆರೆಸುತ್ತಿದ್ದೆ. ಸಾಸನ್ನು ಗಟ್ಟಿ ಮಾಡುವುದು ಕಾರ್ನ್‌ಫ್ಲೋರ್‌ನ ಪಿಷ್ಟ. ಕಾಯಿಸದ ಜೇನಿನಲ್ಲಿ ಆ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವ ಇರುತ್ತದೆ. ಅದೇ ಕೆಲಸದ ಕಿಣ್ವ ನಮ್ಮ ಎಂಜಲಿನಲ್ಲೂ ಇದೆ. ನಾನೋ ಒಂದೇ ಚಮಚದಲ್ಲಿ ರುಚಿ ನೋಡಿ ಅದನ್ನೇ ಪಾತ್ರೆಗೆ ಅದ್ದುತ್ತಿದ್ದೆ. “ಎಂಜಲು ಸೌಟು ಪಾತ್ರೆಗೆ ಹಾಕಬೇಡ ಮಗಳೇ” ಅಂತ ಅವ್ವ ಎಷ್ಟು ಸಲ ಹೇಳಿದ್ದರು! ಈಗ ಜೇನನ್ನು ಮೊದಲೇ ಹಾಕಿ ಕುದಿಸುತ್ತೇನೆ, ಕುದಿಗೆ ಕಿಣ್ವ ಸಾಯುತ್ತದೆ. ರುಚಿ ನೋಡಲು ಅಂಗೈಗೆ ಒಂದು ಹನಿ ಹಾಕಿಕೊಳ್ಳುತ್ತೇನೆ. ಬಡಿಸುವಾಗಲೂ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಬಟ್ಟಲು.

ಹದವನ್ನು ಬಿಸಿಯಲ್ಲಿ ಅಳೆಯಬೇಡಿ. ಇದನ್ನು ನಾನು ಕಾಚಂಪುಳಿ ಎಂಬ ನಮ್ಮ ಕೊಡಗಿನ ಕಪ್ಪು ಹುಳಿ ಕಾಯಿಸುವುದನ್ನು ನೋಡಿಯೇ ಕಲಿತದ್ದು. ಪಣಪುಳಿ ಹಣ್ಣಿನ ರಸ ಕುದ್ದು ಕುದ್ದು ಕಪ್ಪಾಗುವಾಗ ಅವ್ವ ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡುತ್ತಿದ್ದರು. ಸಾಸಿಗೂ ಅದೇ ಪರೀಕ್ಷೆ. ಹನಿ ಆರಿದ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದಿದ್ದರೆ ಸರಿಯಾಗಿದೆ. ಕೂಡಿಕೊಂಡರೆ ಇನ್ನರ್ಧ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಹಾಕಿ ಕುದಿಸಿ.

ಒಲೆ ಆರಿಸಿದ ಮೇಲೆ ಕಾಲು ಚಮಚ ಕಾಚಂಪುಳಿ ಬೆರೆಸುತ್ತೇನೆ. ಜಪಾನಿನವರು ಹಾಕುವುದಲ್ಲ ಇದು, ನಮ್ಮ ಮನೆಯ ರುಚಿ. ಸಿಹಿಯ ಭಾರ ಇಳಿಯುತ್ತದೆ. ಹುಳಿಯ ಜೊತೆ ಕುದಿಸಿದರೆ ಗಟ್ಟಿತನ ಕುಸಿಯುತ್ತದೆ, ಅದಕ್ಕೇ ಕೊನೆಯಲ್ಲಿ. ಕಾಚಂಪುಳಿ ಇಲ್ಲದವರು ಒಂದು ಚಮಚ ವಿನೆಗರ್ ಹಾಕಿ.

ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಅಲ್ಲಿ ಅದು ಹಲ್ವದ ಹಾಗೆ ಕಟ್ಟುತ್ತದೆ. ಒಂದು ಚಮಚ ನೀರು ಸೇರಿಸಿ ಬೆಚ್ಚಗೆ ಮಾಡಿದರೆ ಮತ್ತೆ ಹದಕ್ಕೆ ಬರುತ್ತದೆ. ಫ್ರೀಜರ್‌ಗೆ ಬೇಡ, ನೀರು ಬೇರೆಯಾಗುತ್ತದೆ. ಮಿಕ್ಕಿದ್ದರಲ್ಲಿ ನನ್ನ ಮಗ ಬೆಳಗಿನ ಕಡಂಬುಟ್ಟನ್ನು, ಅಂದರೆ ಆವಿಯಲ್ಲಿ ಬೇಯಿಸಿದ ಅಕ್ಕಿಯ ಉಂಡೆಯನ್ನು, ಅದ್ದಿಕೊಂಡು ತಿನ್ನುತ್ತಾನೆ.