ರೀಜೆನ್ಸಿ ಪ್ರಣಯದಾಟ ಬರೆಯುವಾಗ: ನಿಯಮ ಮೊದಲು, ನಗು ಆಮೇಲೆ

ಮೂರನೆಯ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ ರೀಜೆಂಟನಾಗಿ, ಅಂದರೆ ತಂದೆಯ ಪರವಾಗಿ, ಇಂಗ್ಲೆಂಡನ್ನು ಆಳಿದ್ದು 1811ರ ಫೆಬ್ರವರಿಯಿಂದ 1820ರ ಜನವರಿವರೆಗೆ. ಇದೇ ರೀಜೆನ್ಸಿ ಕಾಲ. ಹಗುರ ಧಾಟಿಯ ಕಥೆಗೆ ಈ ಅವಧಿಯಲ್ಲಿ ನಾನು ಆರಿಸಿಕೊಳ್ಳುವುದು 1814ರ ಲಂಡನ್ ಸೀಸನ್, ಅಂದರೆ ಸಿರಿವಂತ ಮನೆತನಗಳು ಲಂಡನ್ನಿನಲ್ಲಿ ಸೇರಿ ಕೂಟ-ಕುಣಿತ ನಡೆಸುವ ತಿಂಗಳುಗಳು. ಸೋತ ನೆಪೋಲಿಯನ್ ಗಡಿಪಾರಾಗಿ ಎಲ್ಬಾ ದ್ವೀಪ ಸೇರಿಯಾಗಿದೆ, ಜೂನ್‌ನಲ್ಲಿ ರಷ್ಯಾದ ಚಕ್ರವರ್ತಿ ಮತ್ತು ಪ್ರಷ್ಯದ ರಾಜ ಬಂದಿಳಿದಿದ್ದಾರೆ, ಸೇನಾಧಿಕಾರಿಗಳು ಊರಿಗೆ ಮರಳುತ್ತಿದ್ದಾರೆ. ದಿನಕ್ಕೊಂದು ಔತಣಕೂಟ ಬರೆದರೂ ಅತಿಯೆನಿಸದು. ಪಿಕ್ನಿಕ್ ದೃಶ್ಯ ಬೇಕಿದ್ದರೆ 1816ರ ತಂಟೆಗೆ ಹೋಗಬೇಡಿ. ತಂಬೋರಾ ಜ್ವಾಲಾಮುಖಿ ಹಿಂದಿನ ವರ್ಷ ಸಿಡಿದದ್ದರಿಂದ ಆ ಬೇಸಿಗೆಯಿಡೀ ಚಳಿ, ಮಳೆ. 1817ರ ನವೆಂಬರ್‌ನಲ್ಲಿ ರೀಜೆಂಟನ ಮಗಳು ರಾಜಕುಮಾರಿ ಷಾರ್ಲಟ್ ತೀರಿಕೊಂಡಳು. ಆಗ ಎಲ್ಲೆಡೆ ಕಪ್ಪು ಬಟ್ಟೆ, ಕುಣಿತಕ್ಕೆ ಜಾಗವಿಲ್ಲ.

ಪ್ರಣಯವನ್ನು ಆಟ ಮಾಡುವುದೆಂದರೆ ಹೆಚ್ಚಿನವರು ಇಂಥ ಹುಡುಗಿಯನ್ನು ಒಲಿಸಿಕೊಳ್ಳುತ್ತೇನೆಂದು ಕ್ಲಬ್ಬಿನಲ್ಲಿ ಕಟ್ಟುವ ಪಂದ್ಯಕ್ಕೆ ಕೈಹಾಕುತ್ತಾರೆ. ಸೇಂಟ್ ಜೇಮ್ಸ್ ಬೀದಿಯ ವೈಟ್ಸ್ ಕ್ಲಬ್ಬಿನಲ್ಲಿ ಬಾಜಿ ಬರೆದಿಡುವ ಪುಸ್ತಕ ನಿಜವಾಗಿಯೂ ಇತ್ತು. ಆದರೆ ನಾನು ಅದನ್ನು ಮುಖ್ಯ ಎಳೆಯಾಗಿ ಬಳಸುವುದಿಲ್ಲ. ಬಾಜಿ ಕಟ್ಟಿದವನಿಗೆ ಮಾತ್ರ ಆಟ ಗೊತ್ತು, ಅವಳಿಗೆ ಗೊತ್ತೇ ಇಲ್ಲ. ಹಾಗಾದರೆ ಅದು ಆಟವಲ್ಲ, ಮೋಸ. ಕೊನೆಯ ಅಧ್ಯಾಯ ಪೂರ್ತಿ ಕ್ಷಮಾಪಣೆಯಲ್ಲೇ ಕಳೆದುಹೋಗುತ್ತದೆ.

ಪ್ರಣಯ ನಟಿಸೋಣವೆಂದು ಇಬ್ಬರೂ ಕಣ್ಣು ತೆರೆದು ಆಡುವ ಒಪ್ಪಂದವೇ ವಾಸಿ. ಅವನಿಗೆ ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರ ಕಾಟ ತಪ್ಪಬೇಕು, ಅವಳು ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಮೂರನೆಯ ಅಧ್ಯಾಯದ ಹೊತ್ತಿಗೆ ಕರಾರುಗಳನ್ನು ಓದುಗರ ಮುಂದೆ ಇಟ್ಟುಬಿಡುತ್ತೇನೆ: ಒಂದು ಕೂಟದಲ್ಲಿ ಒಂದೇ ಸುತ್ತು ಕುಣಿತ, ಹೆಸರು ಹಿಡಿದು ಕರೆಯುವಂತಿಲ್ಲ, ಪತ್ರ ಬರೆಯುವಂತಿಲ್ಲ, ಸೀಸನ್ ಮುಗಿದ ದಿನ ಆಟವೂ ಮುಗಿಯಿತು. ಮುಂದಿನ ಕಥೆಯೆಲ್ಲ ಇವನ್ನು ಒಂದೊಂದಾಗಿ ಮುರಿಯುವುದೇ. ಮುರಿಯುವ ಕ್ರಮ ಮಾತ್ರ ಬೆಲೆಯ ಏರಿಕೆಯಲ್ಲಿರಬೇಕು. ಎರಡನೆಯ ಸುತ್ತು ಕುಣಿದರೆ ಗುಸುಗುಸು, ಮೂರನೆಯದಾದರೆ ನಿಶ್ಚಯವಾಯಿತೆಂದೇ ಜನ ತಿಳಿಯುತ್ತಾರೆ, ಮದುವೆ ಗೊತ್ತಾಗದ ಹೆಣ್ಣು ಗಂಡಿಗೆ ಪತ್ರ ಬರೆದಳೆಂದರೆ ಮರ್ಯಾದೆಯೇ ಹೋಯಿತು. ಪತ್ರವನ್ನು ಐದನೆಯ ಅಧ್ಯಾಯದಲ್ಲೇ ಖರ್ಚು ಮಾಡಿದರೆ ಆಮೇಲೆ ಕುಣಿತದ ದೃಶ್ಯಕ್ಕೆ ಉಪ್ಪೇ ಇರುವುದಿಲ್ಲ.

ಸುಳ್ಳು ನಿಶ್ಚಿತಾರ್ಥದವರೆಗೆ ಹೋಗುವುದಾದರೆ ಒಂದು ಎಚ್ಚರ. ಮಾತು ಕೊಟ್ಟ ಗಂಡು ಹಿಂದೆ ಸರಿಯುವಂತಿರಲಿಲ್ಲ. ಸರಿದರೆ ವಚನಭಂಗದ ದಾವೆ ಹೂಡಿ ಪರಿಹಾರ ಕೇಳಬಹುದಿತ್ತು. ಕೆಟ್ಟ ಹೆಸರು ಬಂದರೂ ಮುರಿಯುವ ಸ್ವಾತಂತ್ರ್ಯ ಹೆಣ್ಣಿಗಿತ್ತು. ಅಂದರೆ ಆಟ ನಿಲ್ಲಿಸುವ ಗಂಟೆ ಅವಳ ಕೈಯಲ್ಲಿ. ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ, ಆದರೂ ಎಷ್ಟೋ ಹಸ್ತಪ್ರತಿಗಳಲ್ಲಿ ನಾಯಕನೇ ಸಲೀಸಾಗಿ "ಇಲ್ಲಿಗೆ ಸಾಕು" ಎಂದುಬಿಡುತ್ತಾನೆ.

ಕುಣಿತದ ದೃಶ್ಯವನ್ನು ಗಟ್ಟಿಯಾಗಿ ಕಟ್ಟಬೇಕು. ಕಂಟ್ರಿ ಡಾನ್ಸ್‌ನಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು, ಎದುರುಬದುರು. ಮೇಲಿನ ಜೋಡಿ ಒಂದೊಂದೇ ಜೋಡಿಯನ್ನು ದಾಟುತ್ತ ಕೆಳಗಿಳಿಯುತ್ತದೆ. ಉಳಿದವರು ಸರದಿ ಬರುವವರೆಗೆ ನಿಂತಿರುತ್ತಾರೆ. ಮಾತಿಗೆ ಸಿಗುವುದು ಆ ನಿಂತ ಹೊತ್ತು. ಒಮ್ಮೆ ಕೇಳಿದರೆ ಸಾಮಾನ್ಯವಾಗಿ ಎರಡು ಕುಣಿತಕ್ಕೆ ಜೊತೆ, ಸುಮಾರು ಅರ್ಧ ಗಂಟೆ; ನಾನು ಒಂದು ಸುತ್ತು ಎಂದದ್ದು ಇದನ್ನೇ. ಆದ್ದರಿಂದ ಸಂಭಾಷಣೆಯನ್ನು ತುಂಡು ತುಂಡಾಗಿ ಬರೆಯುತ್ತೇನೆ, ಹೆಜ್ಜೆ ಬಂದಲ್ಲಿ ವಾಕ್ಯ ಕತ್ತರಿಸುತ್ತೇನೆ:

"ನಿಮ್ಮ ಸೋದರತ್ತೆ ನಮ್ಮನ್ನೇ ನೋಡ್ತಿದ್ದಾರೆ."

"ನೋಡಲಿ ಅಂತಲೇ ಅಲ್ವಾ ಕುಣೀತಿರೋದು? ಆದರೆ ನೀವು ಸ್ವಲ್ಪ..."

ಕೈ ಬಿಟ್ಟಿತು. ಅವಳು ಪಕ್ಕದವನ ಸುತ್ತ ಹೋಗಿ ಬಂದಳು.

"ಸ್ವಲ್ಪ?"

"ಖುಷಿ ಕಡಿಮೆ ಮಾಡಿ. ನಾನೇ ನಂಬಿಬಿಡ್ತೀನಿ."

ನಡುವಿನ ಆ ಒಂದು ಸಾಲಿನ ಹೆಜ್ಜೆ ತೆಗೆದುಹಾಕಿ ಓದಿ ನೋಡಿ, ಜೋಕು ಸಪ್ಪೆಯಾಗುತ್ತದೆ.

ಒಬ್ಬನಿಗೆ ಒಲ್ಲೆನೆಂದ ಹುಡುಗಿ ಆಮೇಲೆ ಇನ್ನೊಬ್ಬನ ಜೊತೆ ಕುಣಿಯುವುದು ಅಸಭ್ಯ. ಹಾಗಾಗಿ ನಾಯಕನಿಗಿಂತ ಅರ್ಧ ನಿಮಿಷ ಮುಂಚೆ ಕೊರೆಯುವ ಪಾದ್ರಿಯೊಬ್ಬ ಬಂದು ಕೈ ಚಾಚಿದರೆ ಸಾಕು, ಖಳನಾಯಕನೇ ಬೇಡ. ಊಟಕ್ಕೆ ಮುಂಚಿನ ಕುಣಿತದ ಜೊತೆಗಾರನೇ ಊಟಕ್ಕೂ ಕರೆದೊಯ್ಯುತ್ತಾನೆ; ಪೈಪೋಟಿ ಇಡಬೇಕಾದದ್ದು ಅದಕ್ಕೆ. ಹೆಸರು ಗುರುತು ಹಾಕಿಕೊಳ್ಳುವ ಡಾನ್ಸ್ ಕಾರ್ಡು ಚಾಲ್ತಿಗೆ ಬಂದದ್ದು ನಂತರದ ಕಾಲದಲ್ಲಿ. ಇಲ್ಲಿ ನೆನಪೇ ಗತಿ, ಮರೆವೂ ಒಂದು ಪಟ್ಟು. ಲಂಡನ್ನಿನ ಗಣ್ಯರ ಕುಣಿತದ ಸಭಾಂಗಣ ಆಲ್ಮ್ಯಾಕ್ಸ್ ಬಳಸುವುದಾದರೆ ಬುಧವಾರ ರಾತ್ರಿ, ಲೇಡಿ ಜರ್ಸಿಯಂಥ ಪೋಷಕಿಯರ ಒಪ್ಪಿಗೆಚೀಟಿ, 11 ಗಂಟೆಗೆ ಬಾಗಿಲು ಬಂದ್, ತಿನ್ನಲು ಬ್ರೆಡ್ಡು-ಬೆಣ್ಣೆ, ಒಣ ಕೇಕು. ಅಲ್ಲಿ ಷಾಂಪೇನ್ ಹರಿಸಿದವರನ್ನು ಓದುಗರು ಹಿಡಿಯುತ್ತಾರೆ.

ಹೆಸರಿನ ಪದ್ಧತಿಯಲ್ಲೇ ಒಂದು ಇಡೀ ಅಧ್ಯಾಯ ಅಡಗಿದೆ. ಲೇಸಿ ಎಂಬ ಮನೆತನವಿದೆ ಅಂದುಕೊಳ್ಳಿ. ಹಿರಿಮಗಳು ಬರೇ "ಮಿಸ್ ಲೇಸಿ", ಕಿರಿಯವಳು "ಮಿಸ್ ಹ್ಯಾರಿಯೆಟ್ ಲೇಸಿ". ಅವಸರದಲ್ಲಿ ನಾಯಕ ಕಾಗದದ ಮೇಲೆ "ಮಿಸ್ ಲೇಸಿ" ಎಂದು ಬರೆದ, ಅದು ನೇರ ಅಕ್ಕನ ತಟ್ಟೆಯ ಪಕ್ಕಕ್ಕೆ. ಊರಾಚೆಯ ಪತ್ರದ ಅಂಚೆವೆಚ್ಚ ಸಾಮಾನ್ಯವಾಗಿ ಪಡೆದವರ ತಲೆಯ ಮೇಲೆ. ದೂರ ಮತ್ತು ಹಾಳೆ ಎಣಿಸಿ ದರ. ಲಕೋಟೆಯನ್ನೂ ಹಾಳೆಯಾಗಿ ಎಣಿಸುತ್ತಿದ್ದರಾದ್ದರಿಂದ ಪತ್ರವನ್ನೇ ಮಡಚಿ ಅರಗು ಹಾಕುತ್ತಿದ್ದರು. ಅಪ್ಪ ದುಡ್ಡು ಕೊಡಬೇಕು, ಕೊಟ್ಟವನು "ಯಾರದು?" ಎಂದು ಕೇಳಿಯೇ ಕೇಳುತ್ತಾನೆ. ಸಂಸದರಿಗೆ ಉಚಿತ ಅಂಚೆಯಿತ್ತಲ್ಲ, ಮಾವನ ಸಹಿ ಹಾಕಿಸಿ ಕಳಿಸಲಿ ಎನ್ನಬಹುದು. ಆದರೆ 1784ರಿಂದ ಪೂರ್ತಿ ವಿಳಾಸ, ತಾರೀಖು ಎಲ್ಲವನ್ನೂ ಸಂಸದ ತನ್ನ ಕೈಯಾರೆ ಬರೆಯಬೇಕಿತ್ತು. ಗುಟ್ಟಿಗೆ ಮೂರನೆಯವ ಸೇರಿಕೊಂಡ!

ಹಣದ ಲೆಕ್ಕ ಬರೆಯದೆ ನಾನು ಮೊದಲ ಪುಟ ಶುರುಮಾಡುವುದಿಲ್ಲ. 10,000 ಪೌಂಡ್ ವರದಕ್ಷಿಣೆಗೆ ಶೇ 5ರಂತೆ ವರ್ಷಕ್ಕೆ 500 ಪೌಂಡ್. ಮದುವೆಗೆ ಮುಂಚೆ ಆಸ್ತಿಯ ಕರಾರುಪತ್ರ ಮಾಡಿಕೊಳ್ಳದಿದ್ದರೆ ಮದುವೆಯ ದಿನ ಅವಳ ನಗದೆಲ್ಲ ಗಂಡನ ಪಾಲು. ಈ ಭಯ ತಳದಲ್ಲಿದ್ದರೇ ಮೇಲಿನ ಚೆಲ್ಲಾಟಕ್ಕೆ ತೂಕ.

ನಾಯಕನ ಹಿನ್ನೆಲೆಗೆ ನಮ್ಮ ಕಡೆಯದೇ ಒಂದು ದಾರಿಯಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ 18ರ ಹುಡುಗ 1814ಕ್ಕೆ 33ರವನು. ಅಲ್ಲಿ ಕರ್ನಲ್ ಆಗಿದ್ದ ಆರ್ಥರ್ ವೆಲ್ಲೆಸ್ಲಿ ಈಗ ಡ್ಯೂಕ್ ಆಫ್ ವೆಲಿಂಗ್ಟನ್, ಹಳೆಯ ಪರಿಚಯಕ್ಕೆ ಬೆಲೆಯಿದೆ. ಕೈಯಲ್ಲಿರುವ ದುಡ್ಡು ಕೋಟೆಯ ಲೂಟಿಯ ಪಾಲು ಎಂಬುದನ್ನು ಮಾತ್ರ ಮುಚ್ಚಿಡಬೇಡಿ. ನಾಯಕಿಯೇ ಒಮ್ಮೆ ಕೇಳಲಿ, ಅವನು ತಡವರಿಸಲಿ.

ಮದುವೆಯ ವೇಳಾಪಟ್ಟಿಯಲ್ಲಿ ಎಡವುವವರು ಬಹಳ. ಚರ್ಚಿನಲ್ಲಿ ಮೂರು ಭಾನುವಾರ ಘೋಷಣೆಯಾಗಬೇಕು, ಇಲ್ಲವೇ ಲೈಸೆನ್ಸ್ ಬೇಕು. ಲೈಸೆನ್ಸಿಗೆ 21 ತುಂಬದವರು ಅಪ್ಪನ ಒಪ್ಪಿಗೆ ತರಬೇಕು. ಮದುವೆ ಬೆಳಗ್ಗೆ 8ರಿಂದ 12ರೊಳಗೆ. ಮಧ್ಯರಾತ್ರಿ ದಿವಾನಖಾನೆಯಲ್ಲಿ ತಾಳಿ ಕಟ್ಟಿಸುವ ಧಾಟಿಯ ಮದುವೆ ಬೇಕೆಂದರೆ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ವಿಶೇಷ ಲೈಸೆನ್ಸೇ ಆಗಬೇಕು, ಅದಕ್ಕೆ ಚರ್ಚಿನ ಕಾನೂನು ಕಚೇರಿಗಳಿದ್ದ ಲಂಡನ್ನಿನ ಡಾಕ್ಟರ್ಸ್ ಕಾಮನ್ಸ್‌ಗೆ ಮೊದಲೇ ಹೋಗಿ ಬಂದಿರಬೇಕು. ಕರಾರಿನ ಪ್ರಕಾರ ಆಟ ಮುಗಿಯಬೇಕಾದ ದಿನಕ್ಕಿಂತ ಎಷ್ಟು ದಿನ ಮೊದಲು ಅವನು ಅಲ್ಲಿಗೆ ಹೋಗಿದ್ದ ಎಂಬುದನ್ನು ಲೈಸೆನ್ಸಿನ ಮೇಲಿನ ತಾರೀಖು ನೋಡಿ ಅವಳೇ ಲೆಕ್ಕ ಹಾಕಿಕೊಳ್ಳಲಿ. ಅವನ ಬಾಯಲ್ಲಿ ಹೇಳಿಸಬೇಡಿ.